ಹತ್ತನೆಯ ಅಂಕ

ಯಾವ ರುಚಿಗೆ ಹತ್ತಕ್ಕೆ ಹತ್ತು ಅಂಕ ಕೊಡುತ್ತೀರೋ ಅದು ನಿಮ್ಮ ನಾಲಿಗೆಯಿಂದ ಶಾಶ್ವತವಾಗಿ ಹೊರಟುಹೋಗುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಎಲ್ಲರೂ ಎಲ್ಲದಕ್ಕೂ ಒಂಬತ್ತೇ ಕೊಡುತ್ತಾರೆ, ಮದುವೆಯೂಟಕ್ಕೂ, ಅತ್ತೆ ಮಾಡಿದ ಪತ್ರೊಡೆಗೂ. ರುಚಿ ನೋಡುವುದೇ ಕೆಲಸವಾದ ಶಶಿರೇಖಾ ಮಾತ್ರ ಹರೆಯದಲ್ಲಿ ದುಡುಕಿ ಕಾಫಿಗೆ ಹತ್ತು ಕೊಟ್ಟುಬಿಟ್ಟಿದ್ದಳು. ಅಂದಿನಿಂದ ಅವಳ ಪಾಲಿಗೆ ಕಾಫಿಯೆಂದರೆ ಬಿಸಿನೀರು.

ಬೆನೆಡಿಕ್ಟ್ ತಾನೇ ತಯಾರಿಸಿದ ರೆಡ್ ಏಲ್ ಬಿಯರನ್ನು ಅವಳ ಮುಂದಿಟ್ಟ. ಅವಳು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪುನರ್ಪುಳಿ ಶರಬತ್ತಿನ ಕೆಂಪು. ಮೊದಲ ಗುಟುಕಿಗೆ ಪಾಕಕ್ಕಿಟ್ಟ ಬೆಲ್ಲ, ಆಮೇಲೆ ತುಸು ಸೀದ ಬ್ರೆಡ್ಡಿನ ಅಂಚು, ಕೊನೆಗೆ ಗಂಟಲಲ್ಲಿ ಸಣ್ಣ ಕಹಿ. ಹುರಿದ ಬಾರ್ಲಿಯ ಆ ಕಹಿ ಕಳೆದುಹೋದ ಕಾಫಿಗೆ ಹತ್ತಿರದ ನೆಂಟನಂತಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

“ಹೇಗುಂಟು ಶಶಿಯಕ್ಕ?”

ಅವಳು ಕಣ್ಣು ತೆರೆಯದೆ ಇನ್ನೊಂದು ಗುಟುಕು ಕುಡಿದಳು. ಬೆನೆಡಿಕ್ಟನಿಗೆ ಗಾಬರಿಯಾಯಿತು.

“ಒಂಬತ್ತು ಕೊಡಿ, ಸಾಕು. ನನ್ನ ಅಪ್ಪ ಜೀವನವಿಡೀ ಬಿಯರ್ ಮಾಡಿದರು. ಅವರಿಗೂ ಯಾರೂ ಹತ್ತು ಕೊಡ್ಲಿಲ್ಲ. ನಮಗೆ ಅಭ್ಯಾಸ ಉಂಟು.”

“ಒಂಬತ್ತು ಕೊಟ್ರೆ ಸುಳ್ಳು ಹೇಳಿದ ಹಾಗಾಗ್ತದೆ ಮಾರಾಯ.”

“ಹತ್ತು ಕೊಟ್ರೆ ಮತ್ತೆ ನಿಮ್ಮ ಬಾಯಿಗೆ ಇದು ನೀರು, ಅಕ್ಕ.”

“ಗೊತ್ತುಂಟು.”

ಅವಳು ಅವಸರವಿಲ್ಲದೆ ಕೊನೆಯ ಹನಿಯವರೆಗೂ ಕುಡಿದು, ಖಾಲಿ ಗ್ಲಾಸನ್ನು ಅವನತ್ತ ತಳ್ಳಿದಳು.

“ಇನ್ನೊಂದು ಗ್ಲಾಸ್ ಕೊಡು. ಅಂಕ ಅದನ್ನು ಕುಡಿದ ಮೇಲೆ ಕೊಡ್ತೇನೆ.”

ಬೆನೆಡಿಕ್ಟ್ ಬಿಯರ್ ಪೀಪಾಯಿಯ ನಲ್ಲಿ ತಿರುಗಿಸಿದ. ಗ್ಲಾಸು ತುಂಬಿ, ನೊರೆ ಉಕ್ಕಿ ಮೇಜಿನ ಮೇಲೆ ಹರಿಯುತ್ತಿದ್ದುದು ಅವನಿಗೆ ಕಾಣಿಸಲೇ ಇಲ್ಲ.