ಬೇರೆ ಬಾಣಲೆ

ಗಾಡಿಯ ಕೆಳಗಿನ ಬುಟ್ಟಿಯಲ್ಲಿ ಎಳ್ಳು ಉದುರಿಸಿದ ಬನ್ನುಗಳು ಕಂಡದ್ದೇ ತಡ, ದೊನ್ನಾ ನಿನ್ಫಾ ಬಾಯಿ ಆಡಿಸುವುದನ್ನು ನಿಲ್ಲಿಸಿದಳು. ಬೆಳಗಿನ ಬಲಿಪೂಜೆ ಮುಗಿಸಿ ಇಗರ್ಜಿಯಿಂದ ನೇರ ಮಗನ ಗಾಡಿಗೆ ಬಂದಿದ್ದಳು. ಕೋಸಿಮೋ ಜನರ ತಲೆಯ ಮೇಲಿಂದಲೇ ಕೈ ಚಾಚಿ ತಾಯಿಗೆ ಕೊಟ್ಟಿದ್ದ ಅರಾಂಚಿನಾ, ಖೀಮಾ ತುಂಬಿ ಕರಿದ ಕೇಸರಿ ಅನ್ನದ ಉಂಡೆ, ಇನ್ನೂ ಅವಳ ಕೈ ಸುಡುತ್ತಿತ್ತು. ಕಚ್ಚಿದ್ದು ಒಂದೇ ತುತ್ತು.

“ಏನೋ ಇದು?”

“ಬ್ರೆಡ್ಡು, ಅಮ್ಮ,” ಎಂದ ಕೋಸಿಮೋ, ಎಣ್ಣೆಯಿಂದ ಕಣ್ಣು ಎತ್ತದೆ.

“ಬ್ರೆಡ್ಡು ಅಂತ ನಂಗೂ ಕಾಣುತ್ತೆ. ಇವತ್ತು ಯಾವ ದಿನ ಅಂತ ನಿಂಗೆ ಗೊತ್ತಾ?”

ಗೊತ್ತಿಲ್ಲದೆ ಉಂಟೆ. ಡಿಸೆಂಬರ್ ಹದಿಮೂರು, ಕಣ್ಣು ಕಾಯುವ ಸಂತ ಲೂಚಿಯಾಳ ದಿನ. ಅಂದು ಪಲೆರ್ಮೊದ ಯಾವ ಮನೆಯಲ್ಲೂ ಬ್ರೆಡ್ ಕೊಯ್ಯುವುದಿಲ್ಲ, ಬದಲಿಗೆ ಅರಾಂಚಿನಾ ತಿನ್ನುತ್ತಾರೆ. ಅದಕ್ಕೇ ಬಲ್ಲಾರೋ ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೋಟಿನ ಕಾಲರು ಎತ್ತಿಕೊಂಡ ಜನ ಬಿಸಿ ಉಂಡೆಯನ್ನು ಈ ಕೈಯಿಂದ ಆ ಕೈಗೆ ಹಾಯಿಸುತ್ತ, ಬಾಯಿಂದ ಹಬೆ ಬಿಡುತ್ತ, ನಿಂತಲ್ಲೇ ತಿನ್ನುತ್ತಿದ್ದರು. ಕಡಲೆಹಿಟ್ಟಿನ ಬಿಲ್ಲೆ ಕೊಂಡವರು ಅದರ ಮೇಲೆ ನಿಂಬೆ ಹಿಂಡಿ, ಗಾಡಿಯ ಅಂಚಿಗಿದ್ದ ಹಿಡಿ ಮುರಿದ ಪುಟ್ಟ ಬಾಣಲೆಗೆ ಸಿಪ್ಪೆ ಎಸೆಯುತ್ತಿದ್ದರು.

ಪರವೂರಿನವರಿಗೆ ಬಿಲ್ಲೆಯನ್ನು ಬನ್ನಿನೊಳಗಿಟ್ಟು ಕೊಟ್ಟರೇ ಸಮಾಧಾನ, ಚಳಿಗಾಲದಲ್ಲಿ ಗಾಡಿ ನಡೆಯುವುದೇ ಅವರಿಂದ, ಈ ಸಲ ಸಂತೆಯಲ್ಲಿ ಎಲ್ಲರೂ ಇಟ್ಟಿದ್ದಾರೆ ಎಂದು ಕೋಸಿಮೋ ತಗ್ಗಿದ ದನಿಯಲ್ಲಿ ಹೇಳಿದ.

“ಎಲ್ಲರ ಕಣ್ಣಿಗೂ ಸುಣ್ಣ ಬಿದ್ದಿತ್ತೇನೋ?”

ಅವನಿಗೆ ಏಳು ವರ್ಷವಿದ್ದಾಗ, ಗೋಡೆಗೆ ಬಳಿಯಲು ಕಲಸಿಟ್ಟ ಸುಣ್ಣ ಕಣ್ಣಿಗೆ ಸಿಡಿದಿತ್ತು. ಬಲಗಣ್ಣಿನ ಆಸೆ ಬಿಡಿ ಎಂದಿದ್ದರು ಡಾಕ್ಟರು. ಬದುಕಿರುವ ತನಕ ನಿನ್ನ ದಿನ ಬ್ರೆಡ್ಡಿನ ಒಂದು ಚೂರನ್ನೂ ನಾಲಿಗೆಗೆ ಸೋಕಿಸುವುದಿಲ್ಲ ಎಂದು ನಿನ್ಫಾ ಲೂಚಿಯಾಳಿಗೆ ಹರಕೆ ಹೊತ್ತಳು. ಹನ್ನೆರಡನೆಯ ದಿನ ಪಟ್ಟಿ ಬಿಚ್ಚಿದಾಗ ಹುಡುಗ, ಅಮ್ಮ, ನಿನ್ನ ಸ್ವೆಟರಿಗೆ ಒಂದು ಗುಂಡಿ ಇಲ್ಲ ಎಂದಿದ್ದ. ಅದಾಗಿ ಮೂವತ್ತಮೂರು ವರ್ಷ. ಈಗ ಅದೆಲ್ಲವನ್ನೂ ಅವಳು ಸಾಲಿನಲ್ಲಿ ನಿಂತವರಿಗೆ ಕೇಳುವಂತೆ, ಗುಂಡಿಯ ಸಮೇತ, ಹೇಳಿದಳು.

“ಸೋತೆ ಅಂದ್ಬಿಡೋ ಕೋಸಿಮೋ,” ಎಂದ ಪಕ್ಕದ ಮೀನಂಗಡಿಯ ತೂರಿ. “ನಿಮ್ಮಪ್ಪ ಗಾಸ್ಪರೆಯಂಥವನೇ ಇವರ ಮುಂದೆ ಒಂದು ದಿನಾನೂ ಗೆದ್ದಿಲ್ಲ.”

ಸಾಲು ನಕ್ಕಿತು. ಕೋಸಿಮೋನ ಕತ್ತಿನವರೆಗೂ ಕೆಂಪೇರಿತು. ಜಾಲರಿ ಸೌಟನ್ನು ತಟ್ಟೆಗೆ ಕುಕ್ಕಿದ.

“ಸಾಕಮ್ಮ. ವರ್ಷಾ ವರ್ಷಾ ಈ ಕಣ್ಣಿಗೆ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ ನಂಗೆ. ನಿನ್ನ ಕೈಯಲ್ಲಿರೋದನ್ನ ಒಂಚೂರು ನೋಡ್ಕೋ. ಮೇಲಿನ ಆ ಗರಿಗರಿ ಪದರ ಏನಂದ್ಕೊಂಡಿದೀಯ? ಒಣಗಿಸಿ ಕುಟ್ಟಿದ ಬ್ರೆಡ್ಡು. ಅದರಲ್ಲಿ ಹೊರಳಿಸದೆ ಅರಾಂಚಿನಾ ಆಗುತ್ತಾ? ಇಡೀ ಊರು ಇವತ್ತು ಬ್ರೆಡ್ಡು ತಿಂತಿದೆ. ನೀನೂ ಸೇರಿ.”

ನಗು ನಿಂತಿತು. ಜನ ಒಬ್ಬೊಬ್ಬರಾಗಿ ತಮ್ಮ ಕೈಯಲ್ಲಿದ್ದುದನ್ನು ನೋಡಿಕೊಂಡರು. ಹೊಸದೇನೂ ಅಲ್ಲ, ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಡದ ಮಾತು ಅದು. ತೂರಿ ಆಗಲೇ ತೊಳೆದಿಟ್ಟ ಮೀನನ್ನು ಮತ್ತೆ ತೊಳೆಯತೊಡಗಿದ.

ನಿನ್ಫಾಳ ದನಿ ಇಳಿದಿತ್ತು. “ನಂದೂ ಅದರಲ್ಲೇ ಹೊರಳಿಸ್ತೀಯಾ?”

“ಮತ್ತೆ ಇನ್ಯಾತರಲ್ಲಿ?”

“ಯಾವಾಗಿಂದ?”

“ಗಾಡಿ ನನ್ನ ಕೈಗೆ ಬಂದಾಗಿಂದ. ಅಪ್ಪ ಹೋಗಿ ನಾಲ್ಕು ವರ್ಷ ಆಯ್ತಲ್ಲ, ಅವತ್ತಿಂದ.”

ಅವಳು ಉಂಡೆಯನ್ನು ಗಾಡಿಯ ಅಂಚಿನ ಮೇಲಿಟ್ಟಳು. ಕರವಸ್ತ್ರ ತೆಗೆದು ಮೊದಲು ತುಟಿ, ಆಮೇಲೆ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು.

“ನಾಲ್ಕು ವರ್ಷದಿಂದ ರುಚಿ ಬೇರೆಯಾಗಿತ್ತು. ಅವರು ಹೋದ ಮೇಲೆ ನನ್ನ ನಾಲಿಗೇನೇ ಸತ್ತಿದೆ ಅಂದ್ಕೊಂಡಿದ್ದೆ.” ಕರವಸ್ತ್ರ ಮಡಚಿದಳು. “ನಿಮ್ಮಪ್ಪ ನನ್ನದೊಂದನ್ನ ಕಡಲೆಹಿಟ್ಟಲ್ಲಿ ಹೊರಳಿಸ್ತಿದ್ದರು. ಬೇರೆ ಬಾಣಲೇಲಿ, ಬೇರೆ ಎಣ್ಣೇಲಿ. ಇಪ್ಪತ್ತು ವರ್ಷ ಪಕ್ಕದಲ್ಲೇ ನಿಂತಿದ್ದೆಯಲ್ಲೋ. ಕಣ್ಣೆರಡೂ ಚೆನ್ನಾಗೇ ಇದ್ದವಲ್ಲ?”

ಪ್ರತಿ ಲೂಚಿಯಾಳ ದಿನವೂ ಅಪ್ಪ ಗಾಡಿಯ ಮೂಲೆಗೆ ಬಾಗಿ ಅದೊಂದು ಉಂಡೆಯೊಡನೆ ಹೆಣಗುತ್ತಿದ್ದುದು, ಸಾಲು ಬೆಳೀತಿದೆ, ಬೇಗ ಬಾ ಮುದುಕ ಎಂದು ತಾನು ರೇಗುತ್ತಿದ್ದುದು ಕೋಸಿಮೋನಿಗೆ ನೆನಪಾಯಿತು. ಅಷ್ಟರಲ್ಲಿ ತಾಯಿ ಶಾಲು ಬಿಗಿದುಕೊಂಡು ಬಂದ ದಾರಿಯಲ್ಲೇ ಇಗರ್ಜಿಯ ಕಡೆಗೆ ಹೊರಟಿದ್ದಳು. ಸಾಲು ಅವಳಿಗೆ ದಾರಿ ಬಿಟ್ಟಿತು.

ಒಂದು ಮಾತೂ ಅರ್ಥವಾಗದ ಪರವೂರಿನವನೊಬ್ಬ ಬನ್ನಿನತ್ತ ತೋರಿಸಿ ಎರಡು ಬೆರಳೆತ್ತಿದ. ಅವನ ಹೆಂಡತಿ ತನ್ನ ಬಿಲ್ಲೆಗೆ ನಿಂಬೆ ಹಿಂಡಿ ಸಿಪ್ಪೆ ಎಸೆದಳು. ಅದು ಟಪ್ಪೆಂದು ಕಬ್ಬಿಣಕ್ಕೆ ತಾಗಿ ಒಳಗೆ ಬಿತ್ತು. ಕೋಸಿಮೋ ತಿರುಗಿ ನೋಡಿದ. ಹಿಡಿ ಮುರಿದ ಬಾಣಲೆ, ಅಂಗೈಯಷ್ಟೇ ಅಗಲ. ಸಿಪ್ಪೆಯಿಂದ ತುಂಬಿಹೋಗಿತ್ತು. ಒಂದೇ ಒಂದು ಉಂಡೆ ಮುಳುಗುವಷ್ಟು ಆಳ.