ಹೊಗೆ ಹಿಡಿದ ಕಣ್ಣು

ಆ ಬೆಳಿಗ್ಗೆ ಗೋಸುಂಬೆಯ ಎಡಗಣ್ಣು ತೆರೆಯಲೇ ಇಲ್ಲ. ಬಲಗಣ್ಣೂ ಗುಳಿಬಿದ್ದಿತ್ತು. ರಿಜಿಕಿ ಒಂದು ಮಿಡತೆ ಹಿಡಿದು ತಂದು ಅದರ ಮೂತಿಯ ಮುಂದೆ ಇಟ್ಟಳು. ನಾಲಿಗೆ ಚಾಚಿತು, ಗುರಿ ತಪ್ಪಿ ಬರೀ ಕೊಂಬೆಗೆ ಬಡಿಯಿತು. ಎರಡನೆಯ ಸಲ ನಾಲಿಗೆಯೇ ಹೊರಬರಲಿಲ್ಲ. ರಿಜಿಕಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಅಳತೊಡಗಿದಳು.

ಗಂಡ ಹೊಜಾ ಉಸಂಬಾರಾ ಬೆಟ್ಟದ ಅರಣ್ಯ ಕಾವಲುಗಾರ. ಉರುಳಿದ ಮರದಡಿ ಕಾಲು ಜಜ್ಜಿಕೊಂಡು ಬಿದ್ದಿದ್ದ ಗೋಸುಂಬೆಯನ್ನು ಅವನು ಮನೆಗೆ ತಂದು, ಸೊಳ್ಳೆಪರದೆಯ ಗೂಡು ಕಟ್ಟಿ, "ನಾನು ಬರೋತನಕ ನೋಡ್ಕೋ" ಎಂದು ತರಬೇತಿಗೆ ಹೋಗಿದ್ದ. ಸಮುದ್ರತೀರದ ಪಂಗಾನಿಯಿಂದ ಮದುವೆಯಾಗಿ ಬೆಟ್ಟ ಹತ್ತಿಬಂದ ರಿಜಿಕಿಗೆ ಅವನಿಲ್ಲದ ಮನೆಯಲ್ಲಿ ಮಾತಾಡಲು ಸಿಕ್ಕ ಜೀವ ಅದೊಂದೇ. ಅತ್ತೆ ಬಿ ಜೈತುನಿ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದವಳಲ್ಲ. ಗೋಸುಂಬೆ ಬಂದ ಮೇಲಂತೂ ಅವಳು ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಅಂಗಳದಲ್ಲೇ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಿದ್ದಳು. ಮನುಷ್ಯರಿಗೆ ಸಾವಿಲ್ಲವೆಂಬ ಸುದ್ದಿಯನ್ನು ದೇವರು ಇದರ ಕೈಯಲ್ಲೇ ಕಳಿಸಿದ್ದನಂತೆ, ಇದು ದಾರಿಯಲ್ಲಿ ಕಾಲೆಳೆದುಕೊಂಡು ತಡಮಾಡಿತಂತೆ, ಅದಕ್ಕೇ ಮನುಷ್ಯರಿಗೆ ಸಾವು ಬಂತಂತೆ. ಅಂಥದ್ದನ್ನು ಮನೆಯೊಳಗೆ ಇಟ್ಟುಕೊಳ್ಳುವುದುಂಟೆ?

"ಏನಾಯ್ತೇ? ತೌರಿಂದ ಕೆಟ್ಟ ಸುದ್ದಿ ಬಂತಾ?" ಅಂಗಳದಿಂದ ಅತ್ತೆಯ ದನಿ ಕೇಳಿತು.

"ಇದರ ಕಣ್ಣು ಹೋಗ್ತಿದೆ ಅತ್ತೆ. ಬಟ್ಟಲು ತುಂಬ ನೀರಿಟ್ಟಿದೀನಿ, ತಿರುಗೂ ನೋಡ್ತಿಲ್ಲ. ಏನು ಮಾಡ್ಲಿ, ನೀವೇ ಹೇಳಿ."

ಅಂಗಳದಲ್ಲಿ ಸೌಟು ಕೆಳಗಿಟ್ಟ ಸದ್ದಾಯಿತು. ಆಮೇಲೆ ಹೊಸ್ತಿಲ ಮೇಲೆ ಅತ್ತೆಯ ನೆರಳು ಬಿತ್ತು.

"ಬಟ್ಟಲಲ್ಲಿ ಕುಡಿಯಕ್ಕೆ ಅದೇನು ಮನೆಗೆ ಬಂದ ಬೀಗನಾ? ಎಲೆ ಮೇಲಿನ ಹನಿ ನೆಕ್ಕೋ ಪ್ರಾಣಿ ಅದು. ನಿಂತ ನೀರು ಅದರ ಲೆಕ್ಕಕ್ಕೆ ನೀರೇ ಅಲ್ಲ. ಅದಿರ್ಲಿ, ಒಲೆ ಪಕ್ಕ ಯಾಕಿಟ್ಟೆ?"

"ಇಲ್ಲಿ ಚಳಿ ಅಲ್ವಾ ಅತ್ತೆ... ಪಾಪ, ಅದಕ್ಕೂ ಆಗತ್ತೇನೋ ಅಂತ."

"ಚಳಿ ನಿನಗೆ! ಅದು ಈ ಬೆಟ್ಟದಲ್ಲೇ ಹುಟ್ಟಿದ್ದು." ಅಷ್ಟು ಹೇಳಿ ಬಿ ಜೈತುನಿ ಸೊಸೆಯ ಹೆಗಲ ಮೇಲಿನ ತೆಳ್ಳನೆಯ ಬಟ್ಟೆಯನ್ನು ಮೊದಲ ಸಲವೆಂಬಂತೆ ನೋಡಿದಳು. ದನಿ ತಗ್ಗಿತು. "ಹೊಗೇಲಿ, ಬೂದೀಲಿ ಒಣಗಿಸಿಬಿಟ್ಟಿದೀಯ. ಅದರ ಹಿಕ್ಕೆ ನೋಡು. ಬೆಳ್ಳಗಿರಬೇಕಾದ್ದು ಹಳದಿ ಆಗಿದ್ರೆ ಬಾಯಾರಿದೆ ಅಂತ."

ರಿಜಿಕಿ ಬಗ್ಗಿ ನೋಡಿದಳು. ಹಳದಿಯೇನು, ಕಿತ್ತಳೆಯೇ ಆಗಿತ್ತು.

"ಇದನ್ನ ಕಂಡ್ರೆ ಓಡ್ತೀರಿ, ಇಷ್ಟೆಲ್ಲ ಹೇಗೆ ಗೊತ್ತು ನಿಮಗೆ?"

"ಹೆದರೋವ್ರೇ ಕಣೇ ಚೆನ್ನಾಗಿ ನೋಡೋದು. ಹುಡುಗಿ ಆಗಿದ್ದಾಗಿಂದ, ಇದು ಕೂತಿದೆಯಾ ಅಂತ ಪ್ರತಿ ಗಿಡಾನೂ ನೋಡಿ ನೋಡಿಯೇ ಬೀನ್ಸ್ ಕಿತ್ತವಳು ನಾನು. ಎತ್ಕೊಂಡು ಬಾ ಆಚೆಗೆ. ನನ್ನಿಂದ ದೂರ ಹಿಡ್ಕೋ!"

ಸೀಬೆಮರದ ನೆರಳಿಗೆ ಗೂಡು ಬಂತು. ಅತ್ತೆ ಹೇಳಿದಂತೆ ರಿಜಿಕಿ ಒಂದು ಡಬ್ಬಿಯ ತಳಕ್ಕೆ ಮೊಳೆಯಿಂದ ಸಣ್ಣ ತೂತು ಹೊಡೆದು, ನೀರು ತುಂಬಿ ಮೇಲಿನ ಕೊಂಬೆಗೆ ಕಟ್ಟಿದಳು. ಎಲೆಯಿಂದ ಎಲೆಗೆ ಹನಿ ಇಳಿಯತೊಡಗಿತು. ಗೋಸುಂಬೆ ಅಲುಗಲಿಲ್ಲ. ರಿಜಿಕಿ ಸೆರಗಿನ ತುದಿ ಒದ್ದೆ ಮಾಡಿಕೊಂಡು ಅದರ ಮುಚ್ಚಿದ ಕಣ್ಣಿನತ್ತ ಕೈ ಚಾಚಿದಳು.

"ಮುಟ್ಟಬೇಡ! ಇರೋ ಕಣ್ಣನ್ನೂ ಕಳೀತೀಯ. ಮಂಜು ಬಿದ್ರೆ ತನ್ನ ಕಣ್ಣು ತಾನೇ ತೊಳ್ಕೊಳ್ಳತ್ತೆ ಅದು. ಇಸ್ತ್ರಿ ಮಾಡೋವಾಗ ಬಟ್ಟೆಗೆ ಬಾಯಿಂದ ನೀರು ಊದ್ತೀವಲ್ಲ, ಹಾಗೆ ಊದು."

ರಿಜಿಕಿ ಬಾಯಿ ತುಂಬ ಬೆಚ್ಚಗಿನ ನೀರು ತುಂಬಿಕೊಂಡು ಊದಿದಳು. ನೀರೆಲ್ಲ ದಳದಳನೆ ಅವಳ ಎದೆಯ ಮೇಲೇ ಸುರಿಯಿತು. ಬಿ ಜೈತುನಿ ನಕ್ಕುಬಿಟ್ಟಳು. ಅತ್ತೆಯ ಹಲ್ಲನ್ನು ಸೊಸೆ ಕಂಡದ್ದು ಅಂದೇ.

"ಪಂಗಾನೀಲಿ ಯಾರೂ ಇಸ್ತ್ರಿ ಮಾಡಲ್ವೇನೆ? ಸರಿ ಆಚೆ."

ಅತ್ತೆ ಒಂದೊಂದೇ ಹೆಜ್ಜೆ ಇಟ್ಟು ಗೂಡಿನ ಬಳಿ ಬಂದಳು, ಬಾಯಲ್ಲಿ ನೀರು ತುಂಬಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿದಳು, ಮುಖ ಮೇಲೆತ್ತಿ ಊದಿದಳು. ನೀರು ಹೊಗೆಯಷ್ಟು ನಯವಾಗಿ ಹಾರಿ ಗೋಸುಂಬೆಯ ಬೆನ್ನ ಮೇಲೆ ಇಳಿಯಿತು. ಮತ್ತೊಮ್ಮೆ. ಮಗದೊಮ್ಮೆ. ಆಗ ಆ ಮುಚ್ಚಿದ ಕಣ್ಣು ನಿಧಾನವಾಗಿ ಉಬ್ಬಿತು, ರೆಪ್ಪೆಯೊಳಗೇ ಗಿರಗಿರನೆ ತಿರುಗಿತು. ಅಂಚಿನಿಂದ ಬೂದಿಯ ಒಂದು ಕಣ ಜಾರಿ ಬಿತ್ತು. ಗೋಸುಂಬೆ ಕತ್ತು ಚಾಚಿ ಎಲೆಯ ಹನಿಯನ್ನು ನೆಕ್ಕಿತು. ಅದರ ಗಂಟಲು ಏರಿ ಇಳಿಯುವುದನ್ನು ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು.

ಅಲ್ಲಿಂದ ಬೆಳಿಗ್ಗೆ, ಸಂಜೆ ಅತ್ತೆಯ ಮಂಜು ತಪ್ಪಲಿಲ್ಲ. ಬೈಯುತ್ತಲೇ ಬರುವಳು, ಬೈಯುತ್ತಲೇ ಊದುವಳು. ವಾರ ಕಳೆಯುವುದರೊಳಗೆ ಎಡಗಣ್ಣು ಪೂರ್ತಿ ತೆರೆಯಿತು. ಮಿಡತೆಗೆ ಚಾಚಿದ ನಾಲಿಗೆ ಗುರಿ ತಪ್ಪಲಿಲ್ಲ. ರಿಜಿಕಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮ ಉಪಕಾರ ಮರೆಯಲ್ಲ ಅತ್ತೆ."

"ಉಪಕಾರ ಮಾಡಿದ್ದು ನೀನು," ಎಂದಳು ಬಿ ಜೈತುನಿ, ಕೈ ಬಿಡಿಸಿಕೊಳ್ಳದೆ. "ಈ ಮನೆಗೆ ಬಂದಾಗಿಂದ ನನ್ನನ್ನ ಏನಾದ್ರೂ ಕೇಳಿದ್ದು ನೀನು ಅವತ್ತೇ. ಇವಳಿಗೆ ನಾನು ಬೇಡ ಅಂತಲೇ ತಿಳ್ಕೊಂಡಿದ್ದೆ."

ಹಾಗೆ ಕೈ ಹಿಡಿದು ನಿಂತವರನ್ನು ಗೋಸುಂಬೆ ನೋಡುತ್ತಿತ್ತು: ಒಂದು ಕಣ್ಣು ಅತ್ತೆಯ ಮೇಲೆ, ಇನ್ನೊಂದು ಸೊಸೆಯ ಮೇಲೆ.

"ನೋಡೇ ಅದನ್ನ," ಎಂದಳು ಬಿ ಜೈತುನಿ. "ದೇವರು ಇಂಥ ಕಣ್ಣು ಕೊಡಬೇಕಾಗಿದ್ದದ್ದು ನನ್ನ ಮಗನಿಗೆ."