ಎರಡನೇ ಸೆಷನ್

ಆ ಮಹಿಳಾ ಸಹಾಯ ಆ್ಯಪ್ ಬಳಕೆಯ ಲೆಕ್ಕ ಇಡುವ ರೀತಿ ಸರಳ. ಮೂವತ್ತು ನಿಮಿಷ ಯಾರೂ ಪರದೆ ಮುಟ್ಟದಿದ್ದರೆ ಒಂದು ಸೆಷನ್ ಮುಗಿಯಿತು. ಮತ್ತೆ ಮುಟ್ಟಿದರೆ ಹೊಸದು ಶುರು.

ಮಧ್ಯಾಹ್ನ ಒಬ್ಬ ಹೆಂಗಸು, ಗಂಡ ಮಚ್ಚು ಹಿಡಿದು ಬಾಗಿಲು ಒಡೆಯುತ್ತಿದ್ದಾನೆಂದು ಧ್ವನಿ ಸಂದೇಶ ಕಳಿಸಿದ್ದಳು. ನೆರವಿನ ಗಾಡಿ ಹೊರಟಿತು. ಆಮೇಲೆ ಅವಳ ಸುದ್ದಿಯೇ ಇಲ್ಲ. ಗಾಡಿ ಇನ್ನೂ ದಾರಿಯಲ್ಲಿರುವಾಗಲೇ ಅದೇ ಫೋನಿನಿಂದ ಎರಡನೇ ಸೆಷನ್ ತೆರೆದುಕೊಂಡು, ಟೈಪ್ ಮಾಡಿದ ಒಂದು ಸಾಲು ಬಂತು: ‘ರಾಜಿ ಆಯ್ತು, ಯಾರೂ ಬರೋದು ಬೇಡ.’ ಜೊತೆಗೆ ಐದು ಸ್ಟಾರ್.

“‘ನಿಮ್ಮ ತೃಪ್ತಿಯೇ ನಮ್ಮ ಗುರಿ!’” ಸಹಾಯ ಕೇಂದ್ರದ ಸಾಹೇಬರು ಆ್ಯಪಿನ ಹೆಣ್ಣುದನಿಯನ್ನು ಥೇಟ್ ಅಣಕಿಸಿದರು. “ಗಾಡಿ ವಾಪಸ್ ಬರೋಕೆ ಹೇಳ್ದೆ ಕಣಮ್ಮ. ಇನ್ನಾದ್ರೂ ನಗು.”

ಡ್ಯೂಟಿಯಲ್ಲಿದ್ದ ಹುಡುಗಿ ನಗಲಿಲ್ಲ. “ಸಾರ್, ಮೊದಲ್ನೇ ಸೆಷನ್ ಪೂರ್ತಿ ಕೇಳಿದ್ರಾ?”

“ಅದು ಮುಗಿದೋಗಿರೋದು. ಲೆಕ್ಕಕ್ಕೆ ಬರೋದು ಕೊನೇದು ಮಾತ್ರ.”

ಅವಳು ಮೊದಲ ಸಂದೇಶವನ್ನು ಒತ್ತಿದಳು. ಬಾಗಿಲು ಬಡಿಯುವ ಸದ್ದಿನ ನಡುವೆ ಹೆಂಗಸಿನ ದನಿ ಕೇಳಿಸಿತು:

“ಬೇಗ ಬನ್ನಿ ಅಕ್ಕಾ... ನಂಗೆ ಓದೋಕೆ ಬರೆಯೋಕೆ ಬರಲ್ಲ, ಅದಕ್ಕೇ ಬಾಯಲ್ಲಿ ಹೇಳ್ತಿದೀನಿ.”